ಎರಡರಲ್ಲಿ ಒಂದೇ ದಿನಾಂಕ

ಮುಳಬಾಗಿಲಿನಲ್ಲಿ ಹಳೆ ಹೆದ್ದಾರಿಯ ಪಕ್ಕ, ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಯೇ ನಮ್ಮ ಕಚೇರಿ. ರೇಷ್ಮೆ ಸಾಕುವವರ ಫೋನಿಗೆ ‘ಇವತ್ತು ಸೊಪ್ಪು ಹಾಕಿ, ಇವತ್ತು ನಿಲ್ಲಿಸಿ, ಇವತ್ತು ಸುಣ್ಣದ ಪುಡಿ ಉದುರಿಸಿ’ ಎಂದು ಸಂದೇಶ ಕಳಿಸುವ ಪ್ರೋಗ್ರಾಂ ಅಲ್ಲಿ ತಯಾರಾಗುತ್ತದೆ. ಅದನ್ನು ಬರೆಯುವವನು ಒಬ್ಬನೇ, ಶ್ರೀನಿವಾಸಪುರದಿಂದ ದಿನಾ ಬೈಕಿನಲ್ಲಿ ಬರುವ ಮೂವತ್ತೈದರ ಆಸಾಮಿ. ನನ್ನ ಕೆಲಸ ಬೇರೆ. ಅವನು ಬರೆದ ಒಂದೊಂದು ತುಣುಕಿನ ನೆತ್ತಿಯ ಮೇಲೆ, ಇದಕ್ಕೆ ಏನೇನು ಕೊಡಬೇಕು, ಕೊಟ್ಟರೆ ಏನು ಸಿಗುತ್ತದೆ, ಏನು ಕೊಡಬಾರದು ಎಂದು ಕನ್ನಡದಲ್ಲಿ ಟಿಪ್ಪಣಿ ಬರೆಯುವುದು. ಆ ಟಿಪ್ಪಣಿಗಳನ್ನು ನೋಡಿಕೊಂಡೇ ಮುಂದಿನವರು ಫೋನಿನ ಪರದೆ ಮಾಡುತ್ತಾರೆ, ರೈತರಿಗೆ ಕೈಪಿಡಿ ಅಚ್ಚು ಹಾಕಿಸುತ್ತಾರೆ.

ಈ ಕೆಲಸಕ್ಕೆ ನನ್ನನ್ನು ತೆಗೆದುಕೊಂಡದ್ದು ಕಂಪ್ಯೂಟರ್ ಓದಿದ್ದೇನೆ ಅಂತಲ್ಲ. ಹದಿನೇಳು ವರ್ಷ ಚಾಕಿ ಕೇಂದ್ರದಲ್ಲಿ ರಿಜಿಸ್ಟರ್ ಬರೆದವಳು ಅಂತ. ಮೊಟ್ಟೆಯೊಡೆದ ರೇಷ್ಮೆ ಹುಳುಗಳನ್ನು ಎರಡನೇ ಜ್ವರ ಏಳುವವರೆಗೆ ಸಾಕಿ, ಆಮೇಲೆ ರೈತರಿಗೆ ಕೊಡುವ ಜಾಗವೇ ಚಾಕಿ ಕೇಂದ್ರ. ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ. ಹುಳು ಪೊರೆ ಬಿಡುವ ಮುಂಚೆ ತಲೆ ಎತ್ತಿಕೊಂಡು, ತಿನ್ನದೆ, ಅಲುಗದೆ ಒಂದೆರಡು ದಿನ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹಾಗೆ ಜ್ವರಕ್ಕೆ ಹೋಗಿ ಏಳುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ತಟ್ಟೆಯ ಹಾಸಿಗೆ ಒಣಗಿಸಿಡಬೇಕು. ಜ್ವರಕ್ಕೆ ಹೋಗುವ ಮುಂಚೆಯೇ ಸೊಪ್ಪು ನಿಲ್ಲಿಸಿದರೆ ಹುಳು ಹಸಿಯುತ್ತದೆ. ಜ್ವರದಲ್ಲಿರುವಾಗ ಹಾಕಿದರೆ ಎದ್ದವು ತಿಂದು ಬೆಳೆಯುತ್ತವೆ, ಏಳದವು ಹಿಂದೆ ಬೀಳುತ್ತವೆ, ತಟ್ಟೆಯ ತುಂಬ ಏರುಪೇರು. ಏರುಪೇರಾದ ಬೆಳೆಗೆ ರೋಗ ಬರುವುದು ತಡವಾಗುವುದಿಲ್ಲ.

ಈ ಜ್ವರ ಯಾವಾಗ ಬರುತ್ತದೆಂದು ಲೆಕ್ಕ ಹಾಕುವ ತುಣುಕಿಗೆ ಒಂದು ದಿನಾಂಕ ಬೇಕು. ಎರಡು ದಿನಾಂಕಗಳಲ್ಲಿ ಯಾವುದಾದರೂ ಒಂದು. ಮರಿ ಒಡೆದ ದಿನ, ಇಲ್ಲವೇ ಎರಡನೇ ಜ್ವರ ಎದ್ದ ದಿನ. ಎದ್ದ ದಿನ ಗೊತ್ತಿದ್ದರೆ ಅದು ಒಳ್ಳೆಯದು, ಕಣ್ಣಾರೆ ಕಂಡದ್ದು. ಅದು ಗೊತ್ತಿಲ್ಲದವರು ಮರಿ ಒಡೆದ ದಿನ ಕೊಟ್ಟರೆ ಪ್ರೋಗ್ರಾಂ ಅದಕ್ಕೆ ಎಂಟು ದಿನ ಸೇರಿಸಿಕೊಂಡು, ಅವತ್ತು ಎದ್ದಿರಬೇಕು ಎಂದು ಅಂದಾಜು ಮಾಡುತ್ತದೆ. ಎರಡನ್ನೂ ಕೊಡುವುದಕ್ಕೆ ಅರ್ಥವಿಲ್ಲ. ಒಂದನ್ನೂ ಕೊಡದಿದ್ದರೆ ಲೆಕ್ಕವಿಲ್ಲ.

ಇಷ್ಟನ್ನು ಟಿಪ್ಪಣಿಯಲ್ಲಿ ಹೇಗೆ ಬರೆಯುವುದು? ಮೊದಲ ಸಲ ನಾನು ನಾಲ್ಕು ಸಾಲು ಬರೆದೆ. ‘ಈ ಕೆಳಕಂಡ ಎರಡು ದಿನಾಂಕಗಳ ಪೈಕಿ ಯಾವುದಾದರೂ ಒಂದನ್ನು ಮಾತ್ರ ಕೊಡತಕ್ಕದ್ದು’ ಎಂದು ಶುರುವಾಗಿತ್ತು. ಅವನು ಓದಿ ನಕ್ಕ.

“ಮೇಡಂ, ಇದು ಟಿಪ್ಪಣೀನಾ, ಲಗ್ನಪತ್ರಿಕೇನಾ? ಇನ್ನೆರಡು ಸಾಲು ಬರೆದ್ರೆ ‘ತಾವು ಸಕುಟುಂಬ ಸಮೇತರಾಗಿ’ ಅಂತ ಬರುತ್ತೆ.”

“ನಗಬೇಡ. ಚಿಕ್ಕದಾಗಿ ಹೇಳೋ ದಾರಿ ಇದ್ರೆ ತೋರಿಸು.”

ಎರಡು ಹೆಸರಿನ ನಡುವೆ ಒಂದು ನೆಟ್ಟನೆ ಗೆರೆ ಎಳೆದು ತೋರಿಸಿದ. ಅವನ ಕಸುಬಿನವರಿಗೆಲ್ಲ ಅದು ಗೊತ್ತಂತೆ, ಇದು ಅಥವಾ ಅದು ಎಂದರ್ಥವಂತೆ. ನನಗೆ ಅದು ಹಿಡಿಸಲಿಲ್ಲ. ನಾವು ಕಂಡ ನೆಟ್ಟನೆ ಗೆರೆ ಶ್ಲೋಕದ ಸಾಲು ಮುಗಿದಾಗ ಬರುವುದು. ಅದನ್ನು ನೋಡಿದರೆ ಮಾತು ಮುಗಿಯಿತು ಅನ್ನಿಸುತ್ತದೆಯೇ ಹೊರತು ಆರಿಸಿಕೋ ಅನ್ನಿಸುವುದಿಲ್ಲ. ಅಲ್ಲದೆ ‘ಒಂದು ಕೊಡಲೇಬೇಕು’ ಎನ್ನುವುದಕ್ಕೂ ‘ಬೇಕಾದರೆ ಒಂದು ಕೊಡಬಹುದು, ಬಿಟ್ಟರೂ ಸರಿ’ ಎನ್ನುವುದಕ್ಕೂ ಆ ಗೆರೆಯಲ್ಲಿ ವ್ಯತ್ಯಾಸವೇ ಇರಲಿಲ್ಲ.

ವಾರವೆಲ್ಲ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ಎಡಗಡೆ ಎರಡನ್ನೂ ಸೇರಿಸಿ ಒಂದು ದೊಡ್ಡ ಆವರಣ, ಅಂದರೆ ಬ್ರಾಕೆಟ್, ಹಾಕಿ, ಆ ಆವರಣದ ಬೆನ್ನಿಗೆ ಒಂದು ಅಂಕಿ ಬರೆಯುವುದು ಎಂದು ಕೊನೆಗೆ ಗೊತ್ತು ಮಾಡಿಕೊಂಡೆ. ಬೆನ್ನಿನಲ್ಲಿ ೧ ಇದ್ದರೆ ಈ ಗುಂಪಿನಿಂದ ಒಂದೇ ಒಂದು, ಕಡ್ಡಾಯ. ೦–೧ ಇದ್ದರೆ ಒಂದು ಅಥವಾ ಯಾವುದೂ ಬೇಡ. ಅಷ್ಟೇ. ಓದಲು ಬಂದ ಯಾರಿಗೂ ಎರಡು ಸಲ ಹೇಳಬೇಕಾಗಿಲ್ಲ. ನನ್ನ ನೋಟ್ ಬುಕ್ಕಿನಲ್ಲಿ ಇಪ್ಪತ್ತಮೂರು ತುಣುಕುಗಳಿಗೆ ಹಾಗೆ ಬರೆದಿಟ್ಟೆ. ಅವನೂ ನೋಡಿ, ಪರವಾಗಿಲ್ಲ ಮೇಡಂ, ನೀಟಾಗಿದೆ ಎಂದ. ಐವತ್ತರ ಹತ್ತಿರದ ವಯಸ್ಸಿನಲ್ಲಿ ಹೊಸದೊಂದನ್ನು ಕಂಡುಹಿಡಿದೆ ಎಂಬ ಹೆಮ್ಮೆ ನನಗೆ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ.

ಕಂಪ್ಯೂಟರಿಗೆ ಏರಿಸುವಾಗ ಅದು ಕೆಟ್ಟಿತು. ಟಿಪ್ಪಣಿಗಳನ್ನೆಲ್ಲ ಹೆಕ್ಕಿ ಪುಟ ಮಾಡುವ ಸಾಧನವೊಂದಿದೆ. ಅದು ಒಂದರ ಕೆಳಗೊಂದಿದ್ದ ಸಾಲುಗಳನ್ನು ಎಳೆದು ಒಂದೇ ಸಾಲು ಮಾಡಿಬಿಡುತ್ತಿತ್ತು. ನನ್ನ ಆವರಣ ತುಂಡು ತುಂಡಾಗಿ, ೧ ಎನ್ನುವುದು ಎಲ್ಲೋ ದಿನಾಂಕದ ಪಕ್ಕ ಹೋಗಿ ಅಂಟಿಕೊಂಡು, ನೋಡಿದವರು ಒಂದನೇ ತಾರೀಕು ಎಂದುಕೊಳ್ಳುವ ಹಾಗಾಯಿತು.

“ಇದನ್ನ ಸರಿ ಮಾಡಕ್ಕೆ ಎರಡು ದಿನ ಬೇಕು. ಕೋಲಾರದಿಂದ ಇವತ್ತೇ ಕಳ್ಸಿ ಅಂತ ಕೂತವ್ರೆ,” ಅಂದ. ಕೋಲಾರದಲ್ಲಿ ನಮ್ಮ ಯಜಮಾನರ ದೊಡ್ಡ ಕಚೇರಿ. “ಸುಮ್ನೆ ಮಧ್ಯ ಒಂದು ಓರೆ ಗೆರೆ ಹಾಕ್ಬಿಡಿ ಮೇಡಂ. ಮರಿ ಒಡೆದ ದಿನ, ಓರೆ ಗೆರೆ, ಎರಡನೇ ಜ್ವರ ಎದ್ದ ದಿನ. ಎಲ್ರಿಗೂ ಅರ್ಥ ಆಗುತ್ತೆ.”

“ಆಗಲ್ಲಪ್ಪ. ಕೆಳಗಡೆ ಅಂಗಡಿ ಬೋರ್ಡ್ ನೋಡು. ಬೀಜ, ಓರೆ ಗೆರೆ, ಗೊಬ್ಬರ, ಓರೆ ಗೆರೆ, ಔಷಧಿ. ಮೂರರಲ್ಲಿ ಒಂದು ಮಾತ್ರ ಮಾರ್ತಾರಾ ಅವರು?”

“ಅರ್ಜಿ ಫಾರಂನಲ್ಲಿ ತಂದೆ, ಓರೆ ಗೆರೆ, ಗಂಡನ ಹೆಸರು ಅಂತ ಇರಲ್ವಾ? ಇಬ್ರ ಹೆಸರೂ ಬರೀತೀರಾ?”

“ಬರೆದೋರನ್ನ ನೋಡಿದೀನಿ,” ಎಂದೆ. ನಿಜವಾಗಿಯೂ ನೋಡಿದ್ದೆ. ಆಮೇಲೆ ಕೇಳಿದೆ: “ಎರಡೂ ಕೊಟ್ರೆ ನಿನ್ನ ಪ್ರೋಗ್ರಾಂ ಏನು ಮಾಡುತ್ತೆ? ತಪ್ಪು ಅಂತ ಹೇಳುತ್ತಾ?”

“ಮೊದಲನೇದು ತಗೊಳುತ್ತೆ, ಎರಡನೇದು ಬಿಡುತ್ತೆ. ಎರಡೂ ಯಾರು ಕೊಡ್ತಾರೆ ಮೇಡಂ, ಕೆಲಸ ಇಲ್ದೆ?”

ಯಾರು ಕೊಡುತ್ತಾರೆಂದು ನನಗೆ ಗೊತ್ತಿತ್ತು. ಎಲ್ಲರೂ ಕೊಡುತ್ತಾರೆ. ಚಾಕಿ ಕೇಂದ್ರದ ರಿಜಿಸ್ಟರಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೆ ತಪಾಸಣೆಗೆ ಬಂದವರು ಅದಕ್ಕೆ ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು. ಖಾಲಿ ಎಂದರೆ ಕೆಲಸ ಮಾಡಿಲ್ಲ ಎಂದೇ ಲೆಕ್ಕ. ಸಂಬಂಧವಿಲ್ಲದ ಕಾಲಮ್ಮಿಗೂ ಮೇಲಿನದನ್ನೇ ಇಳಿಸಿ ಬರೆಯುತ್ತಿದ್ದೆವು. ಹಾಲಿನ ಡೈರಿ, ರೇಷನ್ ಕಾರ್ಡು, ಸ್ಕೂಲು, ಎಲ್ಲ ಕಡೆಯೂ ಅದೇ ಪಾಠ. ನಮ್ಮ ಜನ ಖಾಲಿ ಜಾಗ ಕಂಡರೆ ಹೆದರುತ್ತಾರೆ. ಇದನ್ನು ಅವನಿಗೆ ಕೂರಿಸಿ ಹೇಳಬೇಕಾಗಿತ್ತು. ಗಂಟೆ ನಾಲ್ಕೂವರೆ ಆಗಿತ್ತು, ಮನೆಯಲ್ಲಿ ರುಬ್ಬುವುದಕ್ಕೆ ಅಕ್ಕಿ ನೆನೆಸಿಟ್ಟಿದ್ದೆ. ‘ಸರಿ ಬಿಡು’ ಎಂದು ಇಪ್ಪತ್ತಮೂರು ಕಡೆಯೂ ನಾನೇ ಕೂತು ಓರೆ ಗೆರೆ ಹಾಕಿದೆ. ಇನ್ನೊಬ್ಬರ ಕೈ ಅದರಲ್ಲಿ ಇಲ್ಲ.

ಪರದೆ ಮಾಡುವ ಕೆಲಸವನ್ನು ಹೊರಗಡೆ, ಮಾಲೂರಿನ ಒಬ್ಬರಿಗೆ ಕೊಟ್ಟಿದ್ದರು. ನಾನು ಅವರನ್ನು ಕಂಡಿಲ್ಲ. ಅವರು ನನ್ನ ಓರೆ ಗೆರೆಯನ್ನು ನೋಡಿ ಎರಡು ಖಾನೆ ಮಾಡಿದರು. ಮೇಲೊಂದು, ಕೆಳಗೊಂದು, ಎರಡೂ ಖಾಲಿ, ಯಾವುದರ ಪಕ್ಕವೂ ಒಂದು ಮಾತಿಲ್ಲ. ತಪ್ಪೇನು ಅವರದು? ಬರೆದದ್ದನ್ನು ಓದಿದರು.

ಬೇಸಿಗೆಯಿಡೀ ಏನೂ ಆಗಲಿಲ್ಲ. ಬಿಸಿಲಿನಲ್ಲಿ ಮರಿ ಒಡೆದ ಎಂಟು ದಿನಕ್ಕೆ ಸರಿಯಾಗಿ ಎರಡನೇ ಜ್ವರ ಏಳುತ್ತದೆ, ಯಾವ ದಿನಾಂಕದಿಂದ ಎಣಿಸಿದರೂ ಒಂದೇ ಬರುತ್ತದೆ. ಅದೂ ಅಲ್ಲದೆ ಹೆಚ್ಚಿನವರು ಸಂದೇಶ ಬಂದರೆ ಒರೆಸಿಹಾಕಿ ತಮ್ಮ ಪಾಡಿಗೆ ತಟ್ಟೆ ನೋಡಿಕೊಂಡೇ ಸೊಪ್ಪು ಹಾಕುತ್ತಿದ್ದರು. ನಂಬಿ ನಡೆದವಳು ನಮ್ಮ ಮನೆಯವಳೇ ಒಬ್ಬಳು.

ನನ್ನ ತಮ್ಮನ ಊರು, ಅಂದರೆ ನನ್ನ ತವರು, ಕುರುಡುಮಲೆಗೆ ಹೋಗುವ ದಾರಿಯಲ್ಲಿ. ತಮ್ಮ ಟೆಂಪೋ ಓಡಿಸುತ್ತಾನೆ, ಟೊಮೆಟೊ ಇರುವ ತಿಂಗಳುಗಳಲ್ಲಿ ಮನೆಯಲ್ಲಿ ಕಾಣುವುದೇ ಕಡಿಮೆ. ಹುಳು ಸಾಕುವುದೆಲ್ಲ ಅವನ ಹೆಂಡತಿ. ರಾಯಲ್ಪಾಡಿನ ಕಡೆಯವಳು, ತೆಲುಗು ಮನೆಮಾತು, ಗಂಡನ ಅಕ್ಕನಾದ ನನ್ನನ್ನು ‘ವದಿನ’ ಎಂದೇ ಕರೆಯುವುದು. ಅವಳ ಕೈ ಹುಳಕ್ಕೆ ಒಗ್ಗಿದ ಕೈ. ಆ ಬೀದಿಯಲ್ಲಿ ಒಂಬತ್ತು ಮನೆಯವರು ರೇಷ್ಮೆ ಸಾಕುತ್ತಾರೆ. ಸೊಪ್ಪು ನಿಲ್ಲಿಸುವ ಮುಂಚೆ ಅವರೆಲ್ಲ ಇವಳ ಬಾಗಿಲಿಗೆ ಬಂದು, “ಏನಮ್ಮೋ, ನಿಂದು ಜ್ವರಕ್ಕೋದ್ವಾ?” ಎಂದು ಕೇಳಿಕೊಂಡು ಹೋಗುತ್ತಿದ್ದರು. ಅದೇ ಅವಳ ಓದು, ಅದೇ ಅವಳ ಪದವಿ. ಮದುವೆಯಾಗಿ ಬಂದಾಗ ಕನ್ನಡ ಸರಿಯಾಗಿ ಬರುವುದಿಲ್ಲವೆಂದು ಅವಳನ್ನು ಆಡಿಕೊಂಡ ಬೀದಿ ಅದು.

ಅವಳ ಫೋನಿಗೆ ಪ್ರೋಗ್ರಾಂ ಹಾಕಿಕೊಟ್ಟವಳು ನಾನೇ. “ನಮ್ಮ ಆಫೀಸಿಂದು, ನಾನೇ ಬರ್ದಿರೋದು, ಹಾಕ್ಕೋ” ಎಂದಿದ್ದೆ. “ನೀವ್ ಬರ್ದಿರೋದಾ ವದಿನಾ? ಅಂಗಾದ್ರೆ ಹಾಕಿ” ಎಂದು ಫೋನನ್ನು ಕೈಗೇ ಕೊಟ್ಟಿದ್ದಳು.

ಪುಷ್ಯ ಮಾಸದ ಬೆಳೆ. ಆ ಸಲ ಚಳಿ ವಿಪರೀತ, ಚಾಕಿ ಕೇಂದ್ರದಲ್ಲಿ ಕರೆಂಟು ಕೈಕೊಟ್ಟು ಮರಿಗಳು ಎರಡನೇ ಜ್ವರ ಏಳುವುದಕ್ಕೆ ಹತ್ತು ದಿನ ಹಿಡಿದವು. ಅವಳು ಕೇಂದ್ರದವರು ಕೊಟ್ಟ ಚೀಟಿ ನೋಡಿ ಮರಿ ಒಡೆದ ದಿನವನ್ನೂ ಹಾಕಿದಳು, ಎದ್ದ ದಿನವನ್ನೂ ಹಾಕಿದಳು. ಎರಡೂ ಸರಿಯಾದ ದಿನಾಂಕವೇ. ಪ್ರೋಗ್ರಾಂ ಮೊದಲನೆಯದನ್ನು ಹಿಡಿದುಕೊಂಡು, ಅದಕ್ಕೆ ತನ್ನ ಎಂಟು ದಿನ ಸೇರಿಸಿಕೊಂಡು, ಎರಡು ದಿನ ಮುಂದೆ ನಡೆಯಿತು.

ಆ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಫೋನು ಬಂತು.

“ವದಿನಾ, ಬಿಜೀನಾ? ಫೋನು ಮೂರನೇ ಜ್ವರ ಬಂತು, ಸೊಪ್ಪು ನಿಲ್ಸಿ ಸುಣ್ಣ ಹಾಕು ಅಂತೈತೆ. ಹುಳ ನೋಡಿದ್ರೆ ತಿಂತಾ ಅವೆ. ಹಾಕಿದ್ ಅರ್ಧ ಗಂಟೆಗೆ ತಟ್ಟೆ ಖಾಲಿ.”

ನನ್ನ ಮುಂದೆ ಕಂಪ್ಯೂಟರ್ ತೆರೆದಿತ್ತು. ಅವಳ ನಂಬರ್ ಹಾಕಿ ನೋಡಿದೆ. ಮೂರನೇ ಜ್ವರ, ಇವತ್ತು, ಎಂದು ಹಸಿರು ಅಕ್ಷರದಲ್ಲಿತ್ತು.

“ಇಲ್ಲೂ ಅಂಗೇ ತೋರಿಸ್ತಾ ಇದೆ ಕಣೇ.”

“ತೋರ್ಸುತ್ತೆ, ಸರಿ. ತಿಂತಾ ಅವಲ್ಲ ಮತ್ತೆ?”

“ಕೆಲವು ತಿಂತಾ ಇರಬಹುದು. ಜಾಸ್ತಿ ಹೋಗಿರ್ತಾವೆ. ಲೆಕ್ಕ ತಪ್ಪಲ್ಲ, ನೀನು ಅದು ಹೇಳ್ದಂಗೆ ಮಾಡು.”

“ಸರ್ಲೇ ವದಿನಾ. ನೀವ್ ಹೇಳಿದ್ ಮೇಲೆ ಇನ್ನೇನು,” ಎಂದು ಇಟ್ಟಳು.

ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು: ಎರಡು ಖಾನೆಯೂ ತುಂಬಿದ್ದೀಯಾ? ಲೋಕದಲ್ಲಿ ಆ ಪ್ರಶ್ನೆ ಕೇಳಲು ತಿಳಿದಿದ್ದವರು ಇಬ್ಬರೇ, ಒಬ್ಬಳು ನಾನು. ಅವಳು ಎದುರಿಗಿದ್ದ ಹುಳವನ್ನು ಹೇಳುತ್ತಿದ್ದಳು, ನಾನು ಎದುರಿಗಿದ್ದ ಹಸಿರು ಅಕ್ಷರವನ್ನು ಹೇಳಿದೆ. ಹದಿನೇಳು ವರ್ಷ ಚಾಕಿ ಕೇಂದ್ರದಲ್ಲಿ ಕೂತವಳು, ತಟ್ಟೆ ಅರ್ಧ ಗಂಟೆಗೆ ಖಾಲಿಯಾಗುವ ಹುಳು ಜ್ವರಕ್ಕೆ ಹೋಗಿಲ್ಲವೆಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಪ್ರೋಗ್ರಾಂ ನಮ್ಮದು ಎಂಬ ಠೀವಿ ಒಂದು ನಡುವೆ ಬಂತು.

ಎರಡು ದಿನ ಹುಳು ಹಸಿದು ಸುಣ್ಣದಲ್ಲಿ ಹೊರಳಿದವು. ಕೆಲವು ಹಸಿವಿನಲ್ಲೇ ಜ್ವರಕ್ಕೆ ಹೋದವು, ಕೆಲವು ಹೋಗಲಿಲ್ಲ. ಅಷ್ಟರಲ್ಲಿ ‘ಹುಳು ಎದ್ದಿವೆ, ಸೊಪ್ಪು ಹಾಕಿ’ ಎಂದು ಇನ್ನೊಂದು ಸಂದೇಶ. ಹಾಕಿದಳು. ಮತ್ತೆ ನನಗೆ ಫೋನು ಮಾಡಲಿಲ್ಲ. ಅವಳನ್ನು ನೋಡಿ ಅಕ್ಕಪಕ್ಕದ ಎರಡು ಮನೆಯವರೂ ಸೊಪ್ಪು ನಿಲ್ಲಿಸಿದ್ದರಂತೆ. ಅವರು ಒಂದು ರಾತ್ರಿಯಲ್ಲಿ ಎಚ್ಚೆತ್ತುಕೊಂಡು ಬಚಾವಾದರು.

ಭಾನುವಾರ ನಾನು ಹೋಗುವ ಹೊತ್ತಿಗೆ ಒಂದೇ ತಟ್ಟೆಯಲ್ಲಿ ಬೆರಳುದ್ದದ ಹುಳುವೂ ಅಕ್ಕಿಕಾಳಿನಷ್ಟು ಹುಳುವೂ ಒಟ್ಟಿಗಿದ್ದವು. ದೊಡ್ಡವು ಮೆತ್ತಗಾಗಿ, ಮುಟ್ಟಿದರೆ ಕೈಗೆ ಅಂಟುತ್ತಿದ್ದವು. ಸಪ್ಪೆ ರೋಗ. ಅವಳು ಹಿತ್ತಿಲಿನಲ್ಲಿ ಗುಂಡಿ ತೋಡಿಸಿದ್ದಳು. ತಟ್ಟೆ ತಟ್ಟೆಯಾಗಿ ತಂದು ಸುರಿದು, ಮೇಲೆ ಬ್ಲೀಚಿಂಗ್ ಪೌಡರ್ ಚೆಲ್ಲುತ್ತಿದ್ದಳು. ಅಳುತ್ತಿರಲಿಲ್ಲ. ಸೆರಗನ್ನು ಮೂಗಿಗೆ ಕಟ್ಟಿಕೊಂಡಿದ್ದಳು.

“ಫೋನ್ ಕೊಡು” ಎಂದೆ. ಕೊಟ್ಟಳು. ಎರಡು ಖಾನೆಯೂ ತುಂಬಿತ್ತು.

“ಎರಡೂ ಯಾಕೆ ಹಾಕ್ದೆ?” ಬಾಯಿಂದ ಹೊರಬಿದ್ದಮೇಲೆ ಮಾತನ್ನು ನುಂಗಲಾಗುವುದಿಲ್ಲ.

ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡಿದಳು. “ನೀವೇ ಅಲ್ವಾ ವದಿನಾ ಹೇಳ್ಕೊಟ್ಟಿದ್ದು? ಸಬ್ಸಿಡಿ ಅರ್ಜಿ ಬರಿವಾಗ. ಒಂದ್ ಕಾಲಮ್ಮೂ ಖಾಲಿ ಬಿಡ್ಬ್ಯಾಡ, ಖಾಲಿ ಬಿಟ್ರೆ ವಾಪಸ್ ಬರುತ್ತೆ ಅಂತ.”

ಹೌದು, ಹೇಳಿದ್ದೆ. ಅವಳ ಪಕ್ಕ ಕೂತು, ಬೆರಳಿಟ್ಟು ತೋರಿಸಿ ಹೇಳಿದ್ದೆ.

ಸೋಮವಾರ ಯಜಮಾನರು ಕೋಲಾರದಿಂದ ಬಂದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಓರೆ ಗೆರೆಯ ವಿಷಯ, ಎರಡು ಖಾನೆಯ ವಿಷಯ, ನಾನು ಫೋನಿನಲ್ಲಿ ಹೇಳಿದ್ದು. ಅವರು ಕೊನೆಯದನ್ನು ಕೇಳಿಸಿಕೊಳ್ಳಲಿಲ್ಲ.

“ಎರಡೂ ತುಂಬಿದ್ದು ಯಾರಮ್ಮ? ನಾವಾ, ಅವರಾ?”

“ಅವರೇ ಸರ್. ಆದ್ರೆ ಎರಡೂ ತುಂಬಬಾರದು ಅಂತ ಅಲ್ಲಿ ಎಲ್ಲೂ ಇಲ್ಲ.”

“ತುಂಬಿ ಅಂತಾನೂ ಇಲ್ವಲ್ಲ.”

ಪ್ರೋಗ್ರಾಂ ಬರೆದವನು ತಲೆ ತಗ್ಗಿಸಿ ಉಗುರು ನೋಡಿಕೊಳ್ಳುತ್ತಿದ್ದ. ಆಮೇಲೆ ಮೆಟ್ಟಿಲ ಹತ್ತಿರ ನನ್ನ ಬಳಿ ಬಂದು, “ಅಕ್ಕಾ, ನೀವು ಹೇಳಿದ್ರಿ. ನಾನೇ ಕೇಳ್ಲಿಲ್ಲ,” ಎಂದ. ಅಷ್ಟು ದಿನ ಮೇಡಂ ಎನ್ನುತ್ತಿದ್ದವನು ಅಕ್ಕಾ ಎಂದ. ಅದನ್ನು ಒಳಗೆ ಹೇಳಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ನಾನೂ ಅವತ್ತು ನಾಲ್ಕೂವರೆಗೆ ಹೀಗೇ ಹೇಳಬೇಕಾದ ಕಡೆ ಹೇಳದೆ ‘ಸರಿ ಬಿಡು’ ಎಂದುಬಿಟ್ಟಿದ್ದೆನಲ್ಲ, ಅವನನ್ನು ಅನ್ನುವುದೇನು.

ಯಜಮಾನರು ಹೋಗುವ ಮುಂಚೆ ನನಗೊಂದು ಕೆಲಸ ಹಚ್ಚಿದರು. ಕೈಪಿಡಿಯ ಹೊಸ ಅಚ್ಚಿಗೆ ಒಂದು ವಾಕ್ಯ ಸೇರಿಸಬೇಕು. ಎರಡೂ ದಿನಾಂಕ ತುಂಬಿದಲ್ಲಿ ಆಗುವ ನಷ್ಟಕ್ಕೆ ತುಂಬಿದವರೇ ಹೊಣೆ. ಇದನ್ನು ನಿಮ್ಮ ಒಳ್ಳೆ ಕನ್ನಡದಲ್ಲಿ ಬರೆಯಿರಿ ಎಂದರು. ಬರೆದೆ. ಮೂರು ಸಲ ತಿದ್ದಿ, ಕಾಮಾ ಎಲ್ಲಿ ಬರಬೇಕೋ ಅಲ್ಲಿ ಹಾಕಿ ಬರೆದೆ. ಬರೆಯುವುದಿಲ್ಲ ಎಂದು ಎದ್ದು ಬಂದೆ ಅಂತ ಇಲ್ಲಿ ಬರೆದುಕೊಳ್ಳಲು ಅಡ್ಡಿಯೇನಿರಲಿಲ್ಲ, ನೋಡಿದವರು ಯಾರೂ ಇಲ್ಲ. ಆದರೆ ನಡೆದದ್ದು ಅದಲ್ಲ.

ಈಗ ಪರದೆಯ ಮೇಲೆ ಒಂದೇ ಖಾನೆ ಇದೆ. ಮೊದಲು ‘ಯಾವ ದಿನಾಂಕ ಗೊತ್ತಿದೆ?’ ಎಂದು ಕೇಳಿ, ಆಮೇಲೆ ತೆರೆಯುತ್ತದೆ. ಪುಟ ಮಾಡುವ ಸಾಧನವನ್ನೂ ಸರಿ ಮಾಡಿದರು, ಎರಡು ದಿನವೇ ಹಿಡಿಯಿತು. ನನ್ನ ಆವರಣ, ಅದರ ಬೆನ್ನಿನ ೧, ೦–೧, ಎಲ್ಲ ಈಗ ಕೋಲಾರದ ಕಚೇರಿಯಲ್ಲಿ ಹೊಸದಾಗಿ ಸೇರಿದವರಿಗೆ ಕೊಡುವ ಹಾಳೆಯಲ್ಲಿ ‘ನಮ್ಮ ಪದ್ಧತಿ’ ಎಂಬ ತಲೆಬರಹದ ಕೆಳಗಿವೆ. ಅಚ್ಚು ಚೆನ್ನಾಗಿ ಬಂದಿದೆ. ಆ ಹಾಳೆಯ ಒಂದು ಪ್ರತಿಯನ್ನು ನನಗೂ ಕೊಟ್ಟರು, ಓದಿಕೊಳ್ಳಿ ಎಂದು.

ತಮ್ಮನ ಹೆಂಡತಿಗೆ ನಾನು ಎಲ್ಲವನ್ನೂ ಹೇಳಿದೆ. ಗೆರೆ ಹಾಕಿದವಳು ನಾನು, ಎರಡೂ ಕೊಟ್ಟರೆ ಏನಾಗುತ್ತದೆಂದು ಗೊತ್ತಿದ್ದವಳು ನಾನು, ಅವತ್ತು ಕೇಳದೆ ಹೋದವಳು ನಾನು. ಪೂರ್ತಿ ಕೇಳಿದಳು. “ಆಯ್ತು ಬಿಡಿ ವದಿನಾ. ನನ್ನ ಕಣ್ಣು ನಂಗೆ ಸುಳ್ಳು ಹೇಳ್ತಿರಲಿಲ್ಲ. ಬ್ಯಾರೇರ ಮಾತು ಕೇಳಿದ್ದು ನಂದೇ ತಪ್ಪು,” ಎಂದಳು. ಬೈದಿದ್ದರೆ ಹಗುರವಾಗುತ್ತಿತ್ತು. ಆ ‘ಬ್ಯಾರೇರ’ ಎನ್ನುವುದನ್ನು ಅವಳು ಬೇಕೆಂದು ಆಡಲಿಲ್ಲ, ಅದಕ್ಕೇ ಅದು ಇನ್ನೂ ಚುಚ್ಚುತ್ತದೆ. ಬೀದಿಯವರು ಈಗ ಜ್ವರ ಕೇಳಲು ಅವಳ ಬಾಗಿಲಿಗೆ ಬರುವುದಿಲ್ಲ, ಕೊನೆಯ ಮನೆಯ ಮುದುಕನ ಬಳಿ ಹೋಗುತ್ತಾರೆ. “ಫೋನ್ ನೋಡ್ಕಂಡು ಹುಳ ಸಾಯ್ಸಿದೋಳು” ಎಂದು ನಲ್ಲಿಯ ಹತ್ತಿರ ಯಾರೋ ಅಂದರಂತೆ. ಅದನ್ನು ನನಗೆ ಹೇಳಿದ್ದು ತಮ್ಮ, ಅವಳಲ್ಲ.

ಮುಂದಿನ ಬೆಳೆಗೆ ನಾನು ಹೋದೆ. ಹುಳು ನಾಲ್ಕನೇ ಜ್ವರದ ಹತ್ತಿರವಿತ್ತು. ಹುಳು ಮನೆಯ ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ, ಕಾಲು ಅದ್ದಿ ಒಳಗೆ ಹೋಗಬೇಕು. ಎಂದಿನ ಹಾಗೆ ನಾನು ಚಪ್ಪಲಿ ಬಿಡುತ್ತಿದ್ದಂತೆ ಅವಳು ಒಳಗಿನಿಂದ ಬಂದು ಬಾಗಿಲಿಗೆ ಅಡ್ಡ ನಿಂತಳು.

“ಒಳಕ್ಕೆ ಬ್ಯಾಡಿ ವದಿನಾ. ಹೊರಗಿಂದ ಬಂದೋರ ಕಾಲು ಹುಳಕ್ಕಾಗಲ್ಲ. ಜಗಲಿ ಮೇಲೆ ಕೂತ್ಕಳಿ, ಕಾಫಿ ತರ್ತೀನಿ.”

ಅದು ಎಲ್ಲ ಮನೆಯಲ್ಲೂ ಇರುವ ಕಟ್ಟಳೆಯೇ, ಹೊರಗಿನವರನ್ನು ಯಾರೂ ಒಳಗೆ ಬಿಡುವುದಿಲ್ಲ. ಕಾಫಿ ತಂದಳು, ಜೊತೆಗೆ ಎರಡು ಚಕ್ಕುಲಿ. ನಾನು ಹುಳುವಿನ ಮಾತೆತ್ತಲಿಲ್ಲ, ಅವಳು ಮಾವಿನ ಹೂವಿನ ಬಗ್ಗೆ, ತಮ್ಮನ ಬೆನ್ನು ನೋವಿನ ಬಗ್ಗೆ ಹೇಳಿದಳು. ಗೋಡೆಯಾಚೆ ಹುಳು ಸೊಪ್ಪು ತಿನ್ನುವ ಸದ್ದು ಬರುತ್ತಿತ್ತು. ಜ್ವರ ಹತ್ತಿರವಾದರೆ ಆ ಸದ್ದು ಮೊದಲು ತೆಳುವಾಗುತ್ತದೆ. ಅದು ಇನ್ನೂ ತುಂಬಿಕೊಂಡೇ ಇತ್ತು. ಇನ್ನೊಂದು ದಿನವಾದರೂ ಸೊಪ್ಪು ಹಾಕಬೇಕು ಎಂದು ಕೂತಲ್ಲಿಂದಲೇ ತಿಳಿಯಿತು. ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ಲೋಟ ತೊಳೆದಿಟ್ಟು, ಮೂರೂವರೆ ಬಸ್ಸಿಗೆ ಹೊರಟೆ.